ಬಾಡು ಬಿಟ್ಟಾಯ್ತು, ಹಾಲೂ ಬಿಡ್ಬೇಕಾ?

ಹೋದ ತಿಂಗಳು ಇದೇ ಅಂಕಣದಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರ್ದಿದ್ದೆ, ನಾನು ಮಾಂಸ ಬಿಟ್ಟು ಹದಿನೆಂಟು ವರ್ಷ ಆಯ್ತು ಆದ್ರೆ ಮೊಸರು ಮಾತ್ರ ಇನ್ನೂ ಬಿಡೋಕಾಗಿಲ್ಲ ಅಂತ. ಅಷ್ಟಕ್ಕೇ ಬಂದಿರೋ ಪತ್ರ, ಮೆಸೇಜು ನೋಡಿ ನಮ್ಮ ಸಂಪಾದಕರು ಈ ಸಲ ಪೂರ್ತಿ ಜಾಗ ಇದಕ್ಕೇ ಇಟ್ಕೊಳ್ಳಿ ಅಂದ್ರು. ಗೊತ್ತಿಲ್ಲದ ಹೊಸಬರಿಗೆ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್ ಆಗಿ ಇದ್ದು ರಿಟೈರ್ ಆದವಳು, ಹುಟ್ಟಿದ್ದು ಮಂಡ್ಯ ಸೀಮೆಯ ಬಾಡುಂಬೋ ಮನೇಲಿ.

ಪ್ರಶ್ನೆ: ಮದ್ದೂರು ಹತ್ರದ ಹಳ್ಳಿಯವ್ನು, ಬೆಂಗಳೂರಲ್ಲಿ ಕೆಲಸ. ಆರು ತಿಂಗಳಿಂದ ಬಾಡು ಮುಟ್ಟಿಲ್ಲ, ಮನೇಲಿ ಇನ್ನೂ ಹೇಳಿಲ್ಲ. ಯಾಕೆ ಬಿಟ್ಟೆ ಅಂತ ಫ್ರೆಂಡ್ಸ್ ಕೇಳಿದ್ರೆ ಒಂದ್ಸಲ ಹೆಲ್ತ್ ಅಂತೀನಿ, ಒಂದ್ಸಲ ಪರಿಸರ ಅಂತೀನಿ, ಒಂದ್ಸಲ ಪಾಪ ಅನ್ಸುತ್ತೆ ಅಂತೀನಿ. ಇದ್ರಲ್ಲಿ ಯಾವ್ದು ಸರಿಯಾದ ಕಾರಣ? ಹೊಸತೊಡಕಿಗೆ ಊರಿಗೆ ಹೋದಾಗ ಅವ್ವಂಗೆ ಏನು ಹೇಳ್ಲಿ?

ಉತ್ತರ: ಮೂರೂ ಸರಿಯಾದ ಕಾರಣಗಳೇ ಕಣಪ್ಪಾ, ಆದ್ರೆ ಮೂರಕ್ಕೂ ತಟ್ಟೆ ಬೇರೆ ಬೇರೆ. ಇದನ್ನ ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ನಾಲ್ಕು ತಿಂಗಳಿಗೆ ಜನ ಗೊಂದಲ ಆಗಿ ವಾಪಸ್ ಬಿರಿಯಾನಿ ಹೋಟ್ಲಿಗೆ ಹೋಗ್ಬಿಡ್ತಾರೆ.

ಹೆಲ್ತ್ ಅಂತಾದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜು, ಬೇಕನ್ನು, ಸಲಾಮಿ ಥರ ಕೆಡದ ಹಾಗೆ ಸಂಸ್ಕರಿಸಿದ ಮಾಂಸದಿಂದ ಕ್ಯಾನ್ಸರ್ ಬರುತ್ತೆ ಅನ್ನೋದಕ್ಕೆ ಸಾಕಷ್ಟು ಸಾಕ್ಷಿ ಇದೆ ಅಂತ ಹೇಳ್ತು, ದಿನಾ 50 ಗ್ರಾಂ ತಿಂದ್ರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಪರ್ಸೆಂಟ್ ಜಾಸ್ತಿ ಅಂತ. ಕುರಿ, ದನ, ಹಂದಿ ಮಾಂಸವನ್ನ ಅದಕ್ಕಿಂತ ಒಂದು ಮೆಟ್ಲು ಕೆಳಗೆ, 'ಇರಬಹುದು' ಅನ್ನೋ ಸಾಲಲ್ಲಿ ಇಟ್ರು. ಕೋಳಿ, ಮೀನನ್ನ ಅದ್ರಲ್ಲಿ ಸೇರಿಸ್ಲೇ ಇಲ್ಲ. ಅಂದ್ರೆ ನಿನ್ನ ಕಾರಣ ಬರೀ ಹೆಲ್ತ್ ಆದ್ರೆ ತಿಂಗಳಿಗೊಂದ್ಸಲ ಅವ್ವ ಮಾಡೋ ನಾಟಿಕೋಳಿ ಸಾರಿಗೆ ಹೆದ್ರಿಕೊಂಡು ಓಡ್ಬೇಕಾಗಿಲ್ಲ, ಬದ್ಲಿಗೆ ಬಾಡು ಬಿಟ್ಟ ಜಾಗಕ್ಕೆ ಏನು ಬಂತು ಅಂತ ನೋಡ್ಬೇಕು. ಪಾನಿಪೂರಿ, ಗೋಬಿ ಮಂಚೂರಿ, ಮೂರು ಸೌಟು ಬಿಳಿ ಅನ್ನ ಬಂದಿದ್ರೆ ಅದೂ ಸಸ್ಯಾಹಾರವೇ ಮತ್ತೆ. ಗೋಬಿಗೆ ಹಾಕೋ ಆ ಕೆಂಪು ಬಣ್ಣವನ್ನ 2024ರ ಮಾರ್ಚಲ್ಲಿ ನಮ್ಮ ಸರ್ಕಾರವೇ ಬ್ಯಾನ್ ಮಾಡ್ಬೇಕಾಗಿ ಬಂತು, ಹೂಕೋಸು ಪಾಪ ಏನೂ ಮಾಡಿರ್ಲಿಲ್ಲ.

ಪರಿಸರ ಅಂತಾದ್ರೆ ಲೆಕ್ಕ ಇನ್ನೊಂದು ಥರ. ಲೋಕದ ಸಾವಿರಾರು ಜಮೀನುಗಳ ಲೆಕ್ಕ ಕೂಡಿಸಿ 2018ರಲ್ಲಿ ಬಂದ ದೊಡ್ಡ ಅಧ್ಯಯನವೊಂದರ ಪ್ರಕಾರ ಅಷ್ಟೇ ಪ್ರೋಟೀನಿಗೆ ಭೂಮಿ ಬಿಸಿ ಮಾಡೋ ಹಸಿರುಮನೆ ಅನಿಲ ಎಷ್ಟು ಅಂತ ನೋಡಿದ್ರೆ ದನದ ಮಾಂಸ ಎಲ್ಲಕ್ಕಿಂತ ಮೇಲೆ, ಕುರಿ ಅದರ ಕೆಳಗೆ, ಆಮೇಲೆ ಬರೋದು ಕೋಳಿ ಅನ್ಕೊಂಡ್ಯಾ, ಅಲ್ಲ, ಕೋಳಿಗಿಂತ ಚೀಸು ಜಾಸ್ತಿ! ಯಾಕಂದ್ರೆ ಚೀಸಿನ ಹಿಂದೆ ಮೆಲುಕು ಹಾಕೋ ಹಸು ಇದೆ, ಮೆಲುಕು ಹಾಕೋ ಪ್ರಾಣಿಯ ಹೊಟ್ಟೆಯಿಂದ ತೇಗಿನ ಜೊತೆ ಮೀಥೇನ್ ಅನ್ನೋ ಅಂಥದ್ದೇ ಅನಿಲ ಬರುತ್ತೆ. ನಮ್ಮ ಪನೀರಿನ ಕಥೆಯೂ ಅದೇ ದಾರಿಯದ್ದು, ಒಂದು ಕೆಜಿ ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಸೋ ಚಿಕನ್ ಬಿಟ್ಟು ದಿನಾ ಪನೀರ್ ಬಟರ್ ಮಸಾಲ ತಿಂದು ಭೂಮಿ ಉಳಿಸ್ತಿದೀನಿ ಅನ್ನೋ ಹಾಗಿಲ್ಲ. ಹುರುಳಿ, ತೊಗರಿ, ಅವರೆ, ಅಲಸಂದೆಗೆ ಬಂದ್ರೆ ಮಾತ್ರ ಲೆಕ್ಕ ನೆಲ ಮುಟ್ಟುತ್ತೆ. ಹಾಗೇ ದೂರದಿಂದ ಲಾರೀಲಿ ಬರೋ ತರಕಾರಿಗೆ ತಲೆ ಕೆಡಿಸ್ಕೋಬೇಡ, ಊಟದ ಒಟ್ಟು ಲೆಕ್ಕದಲ್ಲಿ ಸಾಗಾಟದ ಪಾಲು ಸಣ್ಣದು, ಏನು ತಿಂತೀವಿ ಅನ್ನೋದೇ ದೊಡ್ಡದು.

ಪಾಪ ಅನ್ಸುತ್ತೆ ಅಂತಾದ್ರೆ ಲೆಕ್ಕ ಪೂರ್ತಿ ತಿರುಗಿ ಬೀಳುತ್ತೆ. ತುಂಬಾ ಜನ ಮೊದ್ಲು ಮಟನ್ ಬಿಡ್ತಾರೆ, ಚಿಕನ್ ಇಟ್ಕೋತಾರೆ. ಒಂದು ಕುರಿ ಕುಯ್ದ್ರೆ ಹತ್ತು ಹನ್ನೆರಡು ಕೆಜಿ ಮಾಂಸ, ಅಷ್ಟೇ ಮಾಂಸಕ್ಕೆ ಬ್ರಾಯ್ಲರ್ ಕೋಳಿ ಏಳೆಂಟಾದ್ರೂ ಬೇಕು, ಅದೂ ಹುಟ್ಟಿ ನಲವತ್ತು ದಿನ ಆಗಿರೋ ಮರಿಗಳು, ಮೈ ದೊಡ್ಡದು ಅಷ್ಟೇ, ಧ್ವನಿ ಇನ್ನೂ ಚಿಂವ್ ಚಿಂವ್. ಮೊಟ್ಟೆ ಕಂಪನಿಗಳ ಹ್ಯಾಚರಿಗಳಲ್ಲಿ ಗಂಡು ಮರಿ ಮೊಟ್ಟೆನೂ ಇಡಲ್ಲ, ಬ್ರಾಯ್ಲರ್ ಥರ ಬೆಳೆಯೋದೂ ಇಲ್ಲ ಅಂತ ಹುಟ್ಟಿದ ದಿನವೇ ಸಾಯಿಸ್ತಾರೆ. ಹಾಗಾಗಿ ಪ್ರಾಣಿ ಕಾರಣದವರಿಗೆ ಮೊದ್ಲು ಬಿಡ್ಬೇಕಾದ್ದು ಕೋಳಿ ಮತ್ತು ಫಾರಂ ಮೊಟ್ಟೆ, ಪರಿಸರದ ಕಾರಣದವರಿಗೆ ಕುರಿ-ದನ. ನೋಡು, ಉಲ್ಟಾ ಆಯ್ತಲ್ಲ. ನಿನ್ನೊಳಗೆ ಮೂರರಲ್ಲಿ ಯಾವ್ದು ನಿಜವಾಗ್ಲೂ ಚುಚ್ಚುತ್ತೆ ಅಂತ ಒಂದ್ಸಲ ಕೂತು ಯೋಚ್ನೆ ಮಾಡು, ಫ್ರೆಂಡ್ಸಿಗೆ ಉತ್ತರ ಕೊಡೋಕಲ್ಲ, ನಾಳೆ ಅಂಗಡಿಲಿ ಏನು ತಗೋಬೇಕು ಅಂತ ನಿಂಗೇ ಗೊತ್ತಾಗೋಕೆ.

ಇನ್ನು ಅವ್ವ. ಅವ್ವಂಗೆ ಮೀಥೇನ್ ಕಥೆ ಹೇಳೋಕೆ ಹೋಗ್ಬೇಡ. ನಾನು ಬಿಟ್ಟಾಗ ನಮ್ಮವ್ವ ಎರಡು ವರ್ಷ 'ಯಾವ ಗುರು ಹತ್ರ ಹೋಗಿದ್ದೆ' ಅಂತ ಕೇಳ್ತಾನೇ ಇದ್ರು. ಆಮೇಲೆ ಅರ್ಥ ಆಯ್ತು, ಬಾಡು ಬೇಡ ಅನ್ನೋದು ಅವ್ರ ಕಿವಿಗೆ ನಿನ್ನ ಕೈ ಅಡುಗೆ ಬೇಡ ಅಂತ ಕೇಳಿಸ್ತಿತ್ತು. ಸೋಮವಾರ, ಶನಿವಾರ, ಶ್ರಾವಣ, ಕಾರ್ತಿಕ ಅಂತ ಬಿಡೋದು ನಮ್ಮ ಮನೆಗಳಿಗೆ ಹೊಸದೇನಲ್ಲ, ಹೊಸದು ಏನಂದ್ರೆ ಹೊಸತೊಡಕಿನ ದಿನ ಬಿಡೋದು. ಎಲೆ ಮುಂದೆ ಕೂತ್ಮೇಲೆ ಹೇಳ್ಬೇಡ, ವಾರ ಮುಂಚೆ ಫೋನ್ ಮಾಡಿ ಹೇಳು, ಹೇಳ್ತಾ ಏನು ಬೇಕು ಅಂತಾನೂ ಕೇಳು. ಹಿತಕಿದವರೆ ಕಾಲ ಅಷ್ಟೊತ್ತಿಗೆ ಮುಗ್ದಿರುತ್ತೆ, ಎಳೇ ಹಲಸಿನಕಾಯಿ ಬಂದಿರುತ್ತೆ, ಬಾಡಿನ ಮಸಾಲೇಲೇ ಹಲಸಿನಕಾಯಿ ಸಾರು ಮಾಡಿಕೊಡವ್ವ ಅನ್ನು. ಮುದ್ದೆಗೆ ಅದ್ರಂಥದ್ದು ಇನ್ನೊಂದಿಲ್ಲ.

ಪ್ರಶ್ನೆ: ಸಾಗರದವಳು. ನಾವು ತಲೆತಲಾಂತರದಿಂದ ಸಸ್ಯಾಹಾರಿಗಳು. ಬೆಂಗಳೂರಲ್ಲಿರೋ ಮೊಮ್ಮಗಳು ಬಂದು 'ಅಜ್ಜಿ, ಹಾಲೂ ಹಿಂಸೆಯೇ' ಅಂತಾಳೆ. ಕೊಟ್ಟಿಗೆಲಿ ಗೌರಿ, ಗಂಗೆ ಅಂತ ಹೆಸರಿಟ್ಟು ಸಾಕಿದವಳು ನಾನು. ಸಿಟ್ಟು ಬಂತು. ಹಾಲು ಕುಡ್ದ್ರೆ ಹಸು ಸಾಯುತ್ತಾ?

ಉತ್ತರ: ಅಮ್ಮಾ, ನಿಮ್ಮ ಸಿಟ್ಟೂ ಅರ್ಥ ಆಗುತ್ತೆ, ಮೊಮ್ಮಗಳ ಮಾತೂ ಸುಳ್ಳಲ್ಲ. ನೀವಿಬ್ರೂ ಮಾತಾಡ್ತಿರೋದು ಎರಡು ಬೇರೆ ಹಸುಗಳ ಬಗ್ಗೆ.

ನಿಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ದಿನಕ್ಕೆ ಒಂದೆರಡು ಲೀಟರ್ ಕೊಡ್ತಿತ್ತು, ಕರುವಿಗೆ ಬಿಟ್ಟು ಮಿಕ್ಕಿದ್ದು ಮನೆಗೆ, ಗಂಡು ಕರು ಹುಟ್ಟಿದ್ರೆ ಗಾಡಿಗೋ ಗದ್ದೆಗೋ ಆಗ್ತಿತ್ತು. ಈಗಿನ ಪ್ಯಾಕೆಟ್ ಹಾಲಿನ ಬಹುಪಾಲು ಬರೋದು ಎಚ್‌ಎಫ್, ಜರ್ಸಿ ಅನ್ನೋ ವಿದೇಶಿ ಹಸುಗಳ ಮಿಶ್ರತಳಿ ಮತ್ತೆ ಎಮ್ಮೆಯಿಂದ. ಹಸು ಸುಮ್ನೆ ಹಾಲು ಕೊಡಲ್ಲ, ಕರು ಹಾಕಿದ್ರೇ ಕೊಡೋದು, ಅದಕ್ಕೇ ವರ್ಷ ವರ್ಷವೂ ಅನ್ನೋ ಹಾಗೆ ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸ್ತಾರೆ, ಹತ್ತು ತಿಂಗಳು ಕರೀತಾರೆ, ಎರಡು ತಿಂಗಳು ಬತ್ತಿಸ್ತಾರೆ, ಮತ್ತೆ ಕರು. ಅದ್ರಲ್ಲಿ ಸುಮಾರು ಅರ್ಧ ಗಂಡು. ಎಚ್‌ಎಫ್ ಗಂಡು ಕರುವಿಗೆ ನೊಗ ಕೂರೋಕೆ ಭುಜ ಇಲ್ಲ, ಊರಲ್ಲಿ ಟ್ರ್ಯಾಕ್ಟರ್ ಬಂದಾಗಿದೆ, ಅದು ಕುಡಿಯೋ ಹಾಲಿಗೆ ಡೇರಿಲಿ ರೇಟಿದೆ. ಏನ್ಮಾಡ್ತಾರೆ ಹೇಳಿ? ಎಷ್ಟೋ ಕಡೆ ಹಾಲು ಕೊಡದೆ ಸೊರಗಿಸ್ತಾರೆ, ಇಲ್ಲ ರಾತ್ರಿ ದೂರ ಬಿಟ್ಟು ಬರ್ತಾರೆ. ನಮ್ಮ ರಾಜ್ಯದ 1964ರ ಹಳೇ ಗೋಹತ್ಯೆ ಕಾನೂನಲ್ಲಿ 12 ವರ್ಷ ದಾಟಿದ ಇಲ್ಲವೇ ಕೆಲಸಕ್ಕೆ ಬಾರದ ಎತ್ತನ್ನ ಕಸಾಯಿಖಾನೆಗೆ ಕೊಡೋಕೆ ಅವಕಾಶ ಇತ್ತು, 2020ರ ಕಾಯ್ದೆ ಬಂದ್ಮೇಲೆ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯೋ ಹಾಗಿಲ್ಲ, 13 ದಾಟಿದ ಎಮ್ಮೆ-ಕೋಣ ಮಾತ್ರ. ಕಾನೂನು ಕಡಿಯೋದನ್ನ ನಿಲ್ಲಿಸ್ತು, ಬತ್ತಿದ ಹಸುವಿಗೆ ದಿನಾ ಹುಲ್ಲು ಹಾಕೋರು ಯಾರು ಅಂತ ಹೇಳ್ಲಿಲ್ಲ. ನಾನು ಯಾರ ಪಕ್ಷದವಳೂ ಅಲ್ಲ, ಆದ್ರೆ ಹಾಲು ಬೇಕು, ಗಂಡು ಕರು ಬೇಡ, ಮಾಂಸ ಪಾಪ ಅಂತ ಮೂರನ್ನೂ ಒಟ್ಟಿಗೆ ಹೇಳೋರನ್ನ ನೋಡಿದ್ರೆ ನಂಗೆ ಲೆಕ್ಕ ಕೂಡಲ್ಲ. ಆ ಸಾಲಲ್ಲಿ ನಾನೂ ನಿಂತಿದೀನಿ, ಮೊಸರಿನ ಬಟ್ಲು ಹಿಡ್ಕೊಂಡು.

ಇನ್ನೊಂದು ಕಡೆ ನಮ್ಮ ಹಳ್ಳೀಲಿ ಹಾಲಿನ ಡೇರಿ ಬಟವಾಡೆ ದಿನ ಹೆಂಗಸರ ಮುಖ ನೋಡ್ಬೇಕು, ಮಕ್ಕಳ ಸ್ಕೂಲ್ ಫೀಸು, ಸಂಘದ ಕಂತು ಎಲ್ಲ ಅದ್ರಿಂದಲೇ. ಊರೆಲ್ಲ ನಾಳೆ ಹಾಲು ಬಿಟ್ರೆ ಅವ್ರ ಗತಿ ಏನು ಅನ್ನೋದಕ್ಕೆ ನಿಮ್ಮ ಮೊಮ್ಮಗಳ ಹತ್ರವೂ ಉತ್ತರ ಇರಲಿಕ್ಕಿಲ್ಲ. ಕೇಳಿ ನೋಡಿ, ಜಗಳಕ್ಕಲ್ಲ. 'ವೀಗನ್', ಅಂದ್ರೆ ಹಾಲೂ ಸೇರಿ ಪ್ರಾಣಿಯಿಂದ ಬಂದಿದ್ದೇನೂ ಬೇಡ ಅನ್ನೋರು, ಆ ಪದ ಹುಟ್ಟಿದ್ದೂ ಇಂಥ ಜಗಳದಲ್ಲೇ, 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತೆ ಕೆಲವರು, ಹಾಲು-ಮೊಟ್ಟೆ ತಿನ್ನೋ ಸಸ್ಯಾಹಾರಿಗಳ ಜೊತೆ ಹೊಂದದೆ ಬೇರೆ ಸಂಘ ಕಟ್ಟಿಕೊಂಡು ಇಟ್ಟ ಹೆಸರು ಅದು.

ಪ್ರಶ್ನೆ: ಗಿಡಕ್ಕೂ ಜೀವ ಇಲ್ವಾ ಮೇಡಂ? (ದಾವಣಗೆರೆ)

ಉತ್ತರ: ಇದೆ. ನಿಮ್ಮ ಜಿಲ್ಲೇಲೇ ನೋಡಿ, ಆ ಪಾಟಿ ಮೆಕ್ಕೆಜೋಳ ಬೆಳೀತೀರಲ್ಲ, ಅದ್ರಲ್ಲಿ ನೀವು ರೊಟ್ಟಿ ಮಾಡ್ಕೊಂಡು ತಿನ್ನೋದೆಷ್ಟು? ಹೆಚ್ಚಿಂದು ಕೋಳಿ ಫೀಡಿಗೆ ಹೋಗುತ್ತೆ. ಬ್ರಾಯ್ಲರ್ ಒಂದು ಕೆಜಿ ತೂಕ ಬರೋಕೆ ಒಂದೂವರೆ ಕೆಜಿಗಿಂತ ಜಾಸ್ತಿ ಮೇವು ತಿನ್ನುತ್ತೆ. ಗಿಡದ ಮೇಲೆ ಅಷ್ಟು ಪ್ರೀತಿ ಇದ್ರೆ ನೇರವಾಗಿ ಗಿಡ ತಿನ್ನೋದೇ ಕಮ್ಮಿ ಗಿಡ ಸಾಯೋ ದಾರಿ.

ಪ್ರಶ್ನೆ: ಧಾರವಾಡದಿಂದ ಬರೀಲಿಕ್ಕತ್ತೀನ್ರಿ. ಮಗಳು ಹಾಸ್ಟೆಲ್‌ನ್ಯಾಗ ಇರ್ತಾಳ, ಎರಡು ವರ್ಷದಿಂದ ಹಾಲು ಮೊಸರು ಎಲ್ಲಾ ಬಿಟ್ಟಾಳ. ಈಗ ಕೈ ಕಾಲು ಜುಮ್ ಅಂತಾವ, ಭಾಳ ಸುಸ್ತು ಅಂತಾಳ. ಮನಿಯಾಗ ಎಲ್ಲಾರೂ ಪ್ರೋಟೀನ್ ಕಮ್ಮಿ ಆಗೇದ ಅಂತಾರ್ರಿ.

ಉತ್ತರ: ಇದನ್ನ ಓದಿದ ತಕ್ಷಣ ನಿಮಗೆ ಬೇರೆಯಾಗಿಯೇ ಉತ್ತರ ಬರ್ದು ಕಳ್ಸಿದೀನಿ, ಆದ್ರೂ ಎಲ್ಲರಿಗೂ ಬೇಕು ಅಂತ ಇಲ್ಲಿ ಹಾಕ್ತಿದೀನಿ. ಈ ವಾರವೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸ್ಬೇಕಾ ಅಂತ ಕೇಳಿ. ಜುಮ್ ಅನ್ನೋದಕ್ಕೆ ಬೇರೆ ಕಾರಣಗಳೂ ಇರ್ತಾವೆ, ಶುಗರ್, ಥೈರಾಯ್ಡ್, ಅದನ್ನ ಅವ್ರು ನೋಡ್ತಾರೆ. ಆದ್ರೆ ನೀವು ಹೇಳಿದ ಲಕ್ಷಣ ಬಿ12 ಕೊರತೆಯ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತೆ, ಮತ್ತೆ ತಡ ಮಾಡಿದ್ರೆ ನರಕ್ಕೆ ಆಗೋ ಹಾನಿ ಪೂರ್ತಿ ವಾಪಸ್ ಬರ್ದೇ ಇರಬಹುದು.

ಬಿ12 ಅನ್ನ ಗಿಡವೂ ಮಾಡಲ್ಲ, ಪ್ರಾಣಿಯೂ ಮಾಡಲ್ಲ, ಬ್ಯಾಕ್ಟೀರಿಯಾ ಮಾಡೋದು. ಹಸುವಿನ ಹೊಟ್ಟೇಲಿರೋ ಬ್ಯಾಕ್ಟೀರಿಯಾ ಮಾಡಿದ್ದು ಅದರ ಹಾಲಿಗೆ, ಮಾಂಸಕ್ಕೆ ಬರುತ್ತೆ. ನಮಗೆ ಬೇಕಾಗಿರೋದು ದಿನಕ್ಕೆ ಎರಡು-ಎರಡೂವರೆ ಮೈಕ್ರೋಗ್ರಾಂ ಅಷ್ಟೇ, ಸಾಸಿವೆ ಕಾಳಿನ ಸಾವಿರದ ಒಂದು ಪಾಲು ಅನ್ನಿ. ಲಿವರಲ್ಲಿ ಕೆಲವು ವರ್ಷಕ್ಕಾಗೋಷ್ಟು ದಾಸ್ತಾನು ಇರುತ್ತೆ, ಅದಕ್ಕೇ ಬಿಟ್ಟ ತಕ್ಷಣ ಏನೂ ಆಗಲ್ಲ, ಎರಡು ಮೂರು ವರ್ಷ ಆದ್ಮೇಲೆ 'ನಾನು ಚೆನ್ನಾಗೇ ಇದ್ನಲ್ಲ' ಅನ್ನೋ ಹೊತ್ತಿಗೆ ಕೈಕೊಡುತ್ತೆ. ಇನ್ನೊಂದು ಮೋಸ, ಸೊಪ್ಪು-ಕಾಳಲ್ಲಿ ಫೋಲೇಟ್ ಅನ್ನೋ ಇನ್ನೊಂದು ವಿಟಮಿನ್ ಚೆನ್ನಾಗಿರೋದ್ರಿಂದ ರಕ್ತಹೀನತೆ ಕಾಣಿಸ್ಕೊಳ್ದೇ ಒಳಗೊಳಗೇ ನರ ಕೆಡ್ತಾ ಹೋಗಬಹುದು. ಇಡ್ಲಿ ಹಿಟ್ಟು ಹುದುಗಿದೆ ಅದ್ರಲ್ಲಿ ಬಿ12 ಇದೆ, ಸ್ಪಿರುಲಿನಾದಲ್ಲಿ ಇದೆ, ತರಕಾರಿ ತೊಳೀದೇ ತಿಂದ್ರೆ ಸಿಗುತ್ತೆ, ಇದೆಲ್ಲ ನಂಬ್ಕೊಂಡು ಕೂರ್ಬೇಡಿ. ವೀಗನ್ ಆದವರು ಬಿ12 ಮಾತ್ರೆ ತಗೊಳ್ಳೇಬೇಕು, ಇಲ್ಲಿ ರಾಜಿ ಇಲ್ಲ. ಈ ಮಾತ್ರೆಗೂ ಬ್ಯಾಕ್ಟೀರಿಯಾದಿಂದಲೇ ಬಿ12 ತಯಾರಾಗೋದು, ಸೋ ಮಗಳ ವ್ರತಕ್ಕೇನೂ ಭಂಗ ಇಲ್ಲ. ಅಂದಹಾಗೆ ಹಾಲು ಕುಡಿಯೋ ಸಸ್ಯಾಹಾರಿಗಳೂ ಬೀಗ್ಬೇಡಿ, ನಮ್ಮ ದೇಶದಲ್ಲಿ ಅವ್ರಲ್ಲೂ ಈ ಕೊರತೆ ಮಾಮೂಲು, ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಇನ್ನೂ ಜಾಸ್ತಿ.

ಪ್ರೋಟೀನ್ ಬಗ್ಗೆ ಅಷ್ಟು ಗಾಬರಿ ಬ್ಯಾಡ್ರಿ. 55 ಕೆಜಿ ಹುಡುಗಿಗೆ ದಿನಕ್ಕೆ 45 ಗ್ರಾಂ ಹತ್ರ ಬೇಕು. ನೂರು ಗ್ರಾಂ ಬೇಳೆಕಾಳಲ್ಲಿ 22ರ ಆಸುಪಾಸು, ಶೇಂಗಾದಲ್ಲಿ 25ರ ಹತ್ರ, ಜೋಳದ ರೊಟ್ಟಿಲೂ ಒಂದಿಷ್ಟು ಇರುತ್ತೆ. ನಿಮ್ಮ ಕಡೆಯ ಝುಣಕ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ ಎಲ್ಲ ಹುಟ್ಟಾ ವೀಗನ್. ಹಾಲು ಬಿಟ್ರೆ ಕ್ಯಾಲ್ಸಿಯಂ ಹ್ಯಾಂಗ ಅಂದ್ರೆ 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ, ಎಳ್ಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಊಟ ಆದ ಕೂಡ್ಲೇ ಚಹಾ ಕುಡಿಯೋದು ಮಾತ್ರ ನಿಲ್ಲಿಸ್ಲಿ, ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂಗ ಮಾಡ್ತದ ಅದು, ಬದ್ಲಿಗೆ ಲಿಂಬಿಹಣ್ಣು ಹಿಂಡಿಕೊಳ್ಳಲಿ.

ಪ್ರಶ್ನೆ: ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ತಗೊಂಡ್ರೆ ಸಾಕಲ್ವಾ? (ತುಮಕೂರು)

ಉತ್ತರ: ಸಸ್ಯಾಹಾರಿಗೆ ಸಾಕು, ವೀಗನ್‌ಗೆ ಸಾಲಲ್ಲ. ಹಸಿರು ಚುಕ್ಕೇಲಿ ಹಾಲು, ತುಪ್ಪ, ಜೇನು ಎಲ್ಲ ಇರಬಹುದು. ಮಾಂಸ-ಮೊಟ್ಟೆ ಇದ್ರೆ ಕಂದು ಗುರುತು, ಮೊದ್ಲು ಅದೂ ಚುಕ್ಕೆ ಇತ್ತು, ಬಣ್ಣ ಗುರುತಿಸೋಕಾಗದವರಿಗೆ ತೊಂದ್ರೆ ಅಂತ ತ್ರಿಕೋನ ಮಾಡಿದ್ರು. ವೀಗನ್ ತಿಂಡಿಗಳಿಗೆ 2022ರಲ್ಲಿ ಬೇರೆ ನಿಯಮ ಬಂತು, ಎಲೆ ಇರೋ ಹಸಿರು 'ವಿ' ಗುರುತು. ಮಾತ್ರೆಯ ಕ್ಯಾಪ್ಸೂಲ್ ಸಿಪ್ಪೆ ಎಷ್ಟೋ ಸಲ ಜೆಲಟಿನ್, ಅಂದ್ರೆ ಪ್ರಾಣಿಯ ಚರ್ಮ-ಮೂಳೆಯದ್ದು. ಹಾಗಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ!

ಪ್ರಶ್ನೆ: ಮೈಸೂರಿನವಳು, ಮುಂದಿನ ತಿಂಗಳು ಮದ್ವೆ. ನಾನು ವೀಗನ್. ಮೈಸೂರು ಸಿಲ್ಕ್ ಸೀರೆ ಉಡೋ ಹಾಗಿಲ್ವಾ? ಅಮ್ಮ ಅಳ್ತಿದ್ದಾರೆ.

ಉತ್ತರ: ಊಟದ ಅಂಕಣಕ್ಕೆ ಸೀರೆ ಬಂತು ನೋಡಿ. ಸತ್ಯ ಹೇಳ್ಬೇಕಂದ್ರೆ ರೇಷ್ಮೆ ವೀಗನ್ ಅಲ್ಲವೇ ಅಲ್ಲ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದ್ರೆ ತಟ್ಟೆ ತುಂಬಾ ಗೂಡು ಇರುತ್ತಲ್ಲ, ಒಂದೊಂದರೊಳಗೂ ಜೀವಂತ ಹುಳ. ಅದು ಚಿಟ್ಟೆಯಾಗಿ ಗೂಡು ತೂತು ಮಾಡ್ಕೊಂಡು ಬಂದ್ರೆ ಎಳೆ ತುಂಡಾಗುತ್ತೆ, ಅದಕ್ಕೇ ಅದಕ್ಕೂ ಮುಂಚೆ ಹಬೆಲೋ ಬಿಸಿನೀರಲ್ಲೋ ಸಾಯಿಸಿ ನೂಲು ಬಿಚ್ಚೋದು. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಚಿಟ್ಟೆ ಹೊರಗೆ ಹೋದ್ಮೇಲೆ ಉಳಿದ ಗೂಡಿಂದ ಮಾಡೋ ಅಹಿಂಸಾ ರೇಷ್ಮೆ ಅಂತ ಇದೆ, ತುಂಡು ಎಳೆ ಸೇರಿಸಿ ನೂಲೋದ್ರಿಂದ ಆ ಹೊಳಪು ಬರಲ್ಲ, ರೇಟು ಜಾಸ್ತಿ. ನನ್ನ ಕೇಳಿದ್ರೆ ಹೊಸದು ಕೊಳ್ಳೋ ಬದ್ಲು ಅಮ್ಮನ ಮದ್ವೆ ಸೀರೆ ಬೀರುಲಿ ಇದ್ಯಾ ನೋಡಿ, ಅದ್ರ ಹುಳ ಯಾವಾಗಲೋ ಸತ್ತಾಗಿದೆ, ಅಮ್ಮನ ಅಳುವೂ ನಿಲ್ಲುತ್ತೆ. ಇದು ಕಟ್ಟಾ ವೀಗನ್ನರಿಗೆ ಒಪ್ಪಿಗೆ ಆಗಲ್ಲ ಅಂತ ಗೊತ್ತು, ಬೈದು ಪತ್ರ ಬರೀಲಿ ಪರವಾಗಿಲ್ಲ.

ಪ್ರಶ್ನೆ: ಜರ್ಮನಿಯಲ್ಲಿರೋ ಕನ್ನಡಿಗ. ಇಲ್ಲಿ ಸೂಪರ್‌ಮಾರ್ಕೆಟ್ ತುಂಬಾ ಸೋಯಾ ಸಾಸೇಜು, ಬಟಾಣಿ ಬರ್ಗರು. ಮಾಂಸ ಬಿಟ್ಟ ಮೇಲೆ ಮಾಂಸದ ರುಚಿ ಹುಡುಕೋದು ಢೋಂಗಿ ಅಲ್ವಾ ಅಂತ ಜೊತೆಯವರು ಹಂಗಿಸ್ತಾರೆ.

ಉತ್ತರ: ಈ ಪ್ರಶ್ನೆ ನಮ್ಮಲ್ಲಿ ಎಂಟುನೂರು ವರ್ಷ ಹಳೇದು ಸ್ವಾಮಿ. ಜನ್ನ 1209ರಲ್ಲಿ ಬರೆದ ಯಶೋಧರನ ಕಥೆ ನೆನಪಿದ್ಯಾ, ನಿಜವಾದ ಪ್ರಾಣಿ ಬಲಿ ಬೇಡ ಅಂತ ತಾಯಿ ಮಾತಿಗೆ ಹಿಟ್ಟಿನ ಕೋಳಿ ಮಾಡಿ ಬಲಿ ಕೊಡ್ತಾನೆ, ಅಷ್ಟಕ್ಕೇ ತಾಯಿ ಮಗ ಇಬ್ರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಒದ್ದಾಡ್ತಾರೆ. ಹಿಟ್ಟಿನದ್ದಾದ್ರೂ ಕೊಲ್ಲೋ ಸಂಕಲ್ಪ ಇತ್ತಲ್ಲ ಅನ್ನೋದು ಜೈನರ ವಾದ. ನಿಮ್ಮ ಸಾಸೇಜಿನ ಸಂಕಲ್ಪ ಏನು? ಕೊಲ್ಲಬಾರ್ದು ಅಂತ ತಾನೇ. ಅಲ್ಲಿ ಯಶೋಧರ ಕೊಂದ ಹಾಗೆ ಆಡಿದ, ನೀವು ಬರೀ ಹಳೇ ನಾಲಿಗೆಗೆ ಸಮಾಧಾನ ಹೇಳ್ತಿದೀರ. ಢೋಂಗಿ ಏನಿಲ್ಲ. ಆದ್ರೆ ಪ್ಯಾಕೆಟ್ ಹಿಂದೆ ಉಪ್ಪು ಎಷ್ಟಿದೆ ನೋಡಿ ತಗೊಳ್ಳಿ, ಅದು ಹಿಟ್ಟಿನ ಕೋಳಿಗಿಂತ ನಿಜವಾದ ಪಾಪ.

ಪ್ರಶ್ನೆ: ನಿಮ್ಮಂಥವರು ಸಸ್ಯಾಹಾರ ಶ್ರೇಷ್ಠ ಅಂತ ಬರೆದೂ ಬರೆದೂ ತಾನೇ ಶಾಲೆ ಮಕ್ಕಳ ಮೊಟ್ಟೆಗೂ ಅಡ್ಡ ಬಂದಿದ್ದು? (ರಾಯಚೂರು)

ಉತ್ತರ: ಬೈಗುಳ ಒಪ್ಕೋತೀನಿ, ಆರೋಪ ಒಪ್ಕೊಳ್ಳಲ್ಲ. 2021ರ ಡಿಸೆಂಬರಲ್ಲಿ ನಿಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ರು, ಬೇಡದವರಿಗೆ ಬಾಳೆಹಣ್ಣು ಅಂತ ಇದ್ರೂ ಕೂಡ. ನಾನಾಗ ಮಾಂಸ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಆದ್ರೂ ಮೊಟ್ಟೆ ಪರವಾಗಿಯೇ ಮಾತಾಡಿದೀನಿ, ಈಗಲೂ ಆಡ್ತೀನಿ. ರಾಜ್ಯದಲ್ಲಿ ಐದರಲ್ಲಿ ನಾಲ್ಕು ಜನದ ಹತ್ರ ಮಾಂಸಾಹಾರಿಗಳೇ. ನಾನು ಬಿಟ್ಟೆ ಅಂದ್ರೆ ಬಿಡೋ ಅಷ್ಟು ನನ್ನ ತಟ್ಟೇಲಿ ಇತ್ತು ಅಂತ. ಕಾಳು, ಎಳ್ಳು, ಬಿ12 ಮಾತ್ರೆ ಅಂತ ಲೆಕ್ಕ ಹಾಕಿ ತಿನ್ನೋ ಅನುಕೂಲ ನಂಗಿದೆ. ಬೆಳಿಗ್ಗೆ ಏನೂ ತಿನ್ನದೇ ಶಾಲೆಗೆ ಬರೋ ಏಳು ವರ್ಷದ ಕೂಸಿನ ತಟ್ಟೆಯಿಂದ ಇನ್ಯಾರೋ ಅದರ ಪರವಾಗಿ ಬಿಡೋದು ತ್ಯಾಗ ಅಲ್ಲ. 2024ರ ಕೊನೇಲಿ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಬೇಕು ಅನ್ನೋ ಗಲಾಟೇಲೂ ನಮ್ಮೂರಿನವರ ಜೊತೆಗೇ ಇದ್ದೆ, ಊಟ ಮಾತ್ರ ಪಕ್ಕದ ಸಾಲಲ್ಲಿ ಮಾಡ್ತಿದ್ದೆ ಅಷ್ಟೇ.

ಪ್ರಶ್ನೆ: ಎಲ್ಲ ಬಿಟ್ಟೆ, ಮೊಸರನ್ನ ಬಿಡೋಕಾಗ್ತಿಲ್ಲ. ನಿಮ್ಮ ಥರಾನೇ. ಏನಾದ್ರೂ ದಾರಿ? (ಹಾಸನ)

ಉತ್ತರ: ಶೇಂಗಾ ಮೊಸರು ಟ್ರೈ ಮಾಡಿ. ಒಂದು ಕಪ್ ಹಸಿ ಕಡ್ಲೆಕಾಯಿ ಬೀಜ ರಾತ್ರಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗ್ದು, ಮೂರು ಕಪ್ ನೀರು ಹಾಕ್ತಾ ನುಣ್ಣಗೆ ರುಬ್ಬಿ ಬಟ್ಟೇಲಿ ಸೋಸಿ. ಆ ಹಾಲನ್ನ ತಳ ಹಿಡಿಯದ ಹಾಗೆ ಕೈಯಾಡಿಸ್ತಾ ಕುದಿಸಿ, ಉಗುರುಬೆಚ್ಚಗೆ ಆದ್ಮೇಲೆ ಐದಾರು ಹಸಿಮೆಣಸಿನಕಾಯಿ ತೊಟ್ಟು ಮುಳುಗಿಸಿ ಮುಚ್ಚಿಡಿ, ತೊಟ್ಟಲ್ಲಿರೋ ಬ್ಯಾಕ್ಟೀರಿಯಾನೇ ಹೆಪ್ಪು. ಮೊದಲ ಸಲದ್ದು ಸ್ವಲ್ಪ ವಾಸನೆ ಇರುತ್ತೆ, ಅದನ್ನ ತಿನ್ನದೇ ಅದ್ರಲ್ಲೊಂದು ಚಮಚ ತಗೊಂಡು ಎರಡನೇ ಸಲಕ್ಕೆ ಹೆಪ್ಪು ಹಾಕಿ, ಅದು ಚೆನ್ನಾಗಿ ಬರುತ್ತೆ. ಸೋಸಿದ ಚರಟ ಚಟ್ನಿಗೆ. ಮಜ್ಜಿಗೆಹುಳಿ, ಒಗ್ಗರಣೆ ಮಜ್ಜಿಗೆಗೆ ಹಾಕಿದ್ರೆ ನಮ್ಮನೆಯವ್ರಿಗೆ ಗೊತ್ತೇ ಆಗ್ಲಿಲ್ಲ. ಬರೀ ಮೊಸರನ್ನಕ್ಕೆ ಹಾಕಿದ ದಿನ ಒಂದು ತುತ್ತಿಗೇ ಗೊತ್ತಾಯ್ತು, ಅವ್ರಿಗಲ್ಲ, ನಂಗೆ.